ಹೊರೆ ಇಳಿಸಿದ ಪ್ರಬಂಧ

1995ರ ಆಗಸ್ಟ್ 15ರಂದು ಭಾರತದ ಜನಸಾಮಾನ್ಯರಿಗೆ ಇಂಟರ್‌ನೆಟ್ ದೊರೆಯಿತು. ದೂರವಾಣಿ ತಂತಿಯೇ ಅದರ ದಾರಿ. ಸೆಕೆಂಡಿಗೆ 28,800 ಬಿಟ್ ಸಾಗಿಸುವ ಮೋಡೆಮ್ಮಿನಲ್ಲೂ ಒಂದು ಮೆಗಾಬೈಟ್ ಫೈಲಿಗೆ ನಾಲ್ಕೂವರೆ ನಿಮಿಷಕ್ಕೂ ಹೆಚ್ಚು ಹಿಡಿಯುತ್ತಿತ್ತು. ಅಷ್ಟು ಹೊತ್ತೂ ಫೋನಿನ ಮೀಟರು ಓಡುತ್ತಿತ್ತು. ದಾರಿ ಅಗಲವಾಗದಿದ್ದರೆ ಹೊರೆಯನ್ನೇ ಕುಗ್ಗಿಸಬೇಕಲ್ಲವೇ? ಫೈಲು ಅರ್ಧವಾದರೆ ಸಮಯವೂ ಅರ್ಧ.

ಇದಕ್ಕೊಂದು ತಳಹದಿ ಬಿದ್ದದ್ದು 1951ರಲ್ಲಿ, ಅಮೆರಿಕದ ಎಂ.ಐ.ಟಿ.ಯಲ್ಲಿ. ಪರೀಕ್ಷೆ ಬೇಡವಾದರೆ ಪ್ರಬಂಧ ಬರೆಯಿರಿ ಎಂದರು ಪ್ರಾಧ್ಯಾಪಕ ರಾಬರ್ಟ್ ಫಾನೋ. ಸಂದೇಶವನ್ನು ಅತಿ ಕಡಿಮೆ ಬಿಟ್‌ಗಳಲ್ಲಿ ಬರೆಯುವುದು ಹೇಗೆ? ಗುರುಗಳಿಗೇ ಬಗೆಹರಿಯದ ಪ್ರಶ್ನೆಯೆಂದು ತಿಳಿಯದೆ ಡೇವಿಡ್ ಹಫ್‌ಮನ್ ತಿಂಗಳುಗಟ್ಟಲೆ ಹೆಣಗಿದರು; ಕೈಬಿಡುವ ಹೊತ್ತಿಗೆ ಉತ್ತರ ಹೊಳೆಯಿತು. ಅತಿ ಅಪರೂಪದ ಅಕ್ಷರಗಳನ್ನು ಮೊದಲು ಜೋಡಿಸುತ್ತ ಬನ್ನಿ. ಪದೇ ಪದೇ ಬರುವವಕ್ಕೆ ಗಿಡ್ಡ ಸಂಕೇತ ತಾನಾಗಿ ಉಳಿಯುತ್ತದೆ.

ನೀವು ಇಂದು ತೆರೆಯುವ ಜಿಪ್ ಫೈಲಿನೊಳಗೂ ಆ ವಿದ್ಯಾರ್ಥಿಯ ಉತ್ತರವಿದೆ.