ಶಾಲಾ ಸಂಗೀತವೂ ಸಮಾಜದ ಆಶ್ರಯವೂ

ಕನ್ನಡ ನಾಡಿನ ಹಳೆಯ ಶಾಲೆಗಳಲ್ಲಿ ಸಂಗೀತವೆಂಬ ಪ್ರತ್ಯೇಕ ವಿಷಯವಿರಲಿಲ್ಲ. ಆದರೆ ಹಾಡಿಲ್ಲದ ಪಾಠವೂ ವಿರಳವಾಗಿತ್ತು. ಕೂಲಿಮಠಗಳಲ್ಲಿ ಮಕ್ಕಳು ಮಗ್ಗಿಯನ್ನು ರಾಗವಾಗಿ ಒಪ್ಪಿಸುತ್ತಿದ್ದರು. ಜೈಮಿನಿ ಭಾರತದ ಪದ್ಯಗಳನ್ನು ಅಯ್ಯಗಳು ಹಾಡಿ ತೋರಿಸಿದರೆ ಹುಡುಗರು ಹಾಡಿಯೇ ಕಲಿಯುತ್ತಿದ್ದರು. ಅಚ್ಚಿನ ಪುಸ್ತಕವೂ ಲಿಖಿತ ಪರೀಕ್ಷೆಯೂ ಬಂದ ಮೇಲೆ ಓದು ಕಿವಿಯಿಂದ ಕಣ್ಣಿಗೆ ಸರಿಯಿತು. ಕಲಿಕೆಯ ರೀತಿಯೇ ಆಗಿದ್ದ ಹಾಡು ಪಠ್ಯಕ್ರಮದ ಕೊನೆಯ ಸಾಲಿನಲ್ಲಿ ಒಂದು ವಿಷಯವಾಗಿ ನಿಂತಿತು. ಹಣದ ಕೊರತೆಯಾದಾಗ ಮೊದಲು ಕೈಬಿಡುವುದು ಕೊನೆಯ ಸಾಲನ್ನೇ. ಬಡಮಕ್ಕಳ ಶಾಲೆಗಳಲ್ಲಿ ಸಂಗೀತವನ್ನು ಮತ್ತೆ ನೆಲೆಗೊಳಿಸಬೇಕೆಂದು ಬಯಸುವವರು, ಇಂಥ ಪ್ರಯತ್ನಗಳು ಹಿಂದೆ ಯಾರ ಆಶ್ರಯದಲ್ಲಿ ನಡೆದವು, ಅವುಗಳಲ್ಲಿ ಯಾವುದು ಉಳಿಯಿತು, ಯಾವುದು ಅಳಿಯಿತು ಎಂಬುದನ್ನು ವಿಚಾರಿಸುವುದು ಅವಶ್ಯ.

ಮೊದಲನೆಯ ಆಶ್ರಯ ಅರಸರದು. ಬರೋಡೆಯಲ್ಲಿ ಮಹಾರಾಜ ಸಯಾಜಿರಾವ್ ಗಾಯಕವಾಡರು 1886ರಲ್ಲಿ ಮೌಲಾಬಕ್ಷರ ನೇತೃತ್ವದಲ್ಲಿ ಸಂಗೀತಶಾಲೆಯನ್ನು ತೆರೆದರು. ಮೈಸೂರಿನಲ್ಲಿ 1881ರಲ್ಲಿ ಆರಂಭವಾದ ಮಹಾರಾಣಿ ಬಾಲಿಕಾ ಪಾಠಶಾಲೆಯಲ್ಲಿ ಸಂಗೀತಕ್ಕೂ ಸ್ಥಾನ ದೊರೆಯಿತು. ಈ ಉಪಕಾರ ದೊಡ್ಡದು. ಆದರೆ ಅರಮನೆಯ ದೀಪದ ಬೆಳಕು ಅರಮನೆಯ ಊರನ್ನು ದಾಟಿ ಬಹುದೂರ ಹೋಗಲಿಲ್ಲ. ಹೈದರಾಬಾದು ಸಂಸ್ಥಾನವನ್ನೇ ನೋಡಬಹುದು. ದೆಹಲಿಯ ದರ್ಬಾರು ಮುರಿದುಬಿದ್ದ ಮೇಲೆ ತಾನರಸ್ ಖಾನರಂಥ ಮಹಾಗಾಯಕರಿಗೆ ಈ ನಗರವು ಆಶ್ರಯ ಕೊಟ್ಟಿತು. ಅದೇ ಸಂಸ್ಥಾನದ ರಾಯಚೂರು, ಕಲಬುರಗಿ, ಬೀದರ ಜಿಲ್ಲೆಗಳ ಕನ್ನಡ ಮಕ್ಕಳಿಗಾದರೋ ತಾಯ್ನುಡಿಯ ವಿದ್ಯೆಯೇ ದುರ್ಲಭವಾಗಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನಾ ಭಾಷೆ ಉರ್ದು. ಕಲಬುರಗಿಯ ನೂತನ ವಿದ್ಯಾಲಯದಂಥ ಶಾಲೆ 1907ರಲ್ಲಿ ಹುಟ್ಟಿದ್ದು ಜನರ ಪ್ರಯತ್ನದಿಂದ. ಅಕ್ಷರಕ್ಕಾಗಿಯೇ ಚಂದಾ ಎತ್ತಬೇಕಾಗಿದ್ದ ಕಾಲದಲ್ಲಿ ಸ್ವರಕ್ಕೆ ಹಣವೆಲ್ಲಿಂದ ಬರಬೇಕು?

ಎರಡನೆಯದು ನಗರದ ವಿದ್ಯಾವಂತ ಜನತೆಯ ಆಶ್ರಯ. ಇದರ ಪ್ರವರ್ತಕರು ಪಂಡಿತ ವಿಷ್ಣು ದಿಗಂಬರ ಪಲುಸ್ಕರರು. ಬಾಲ್ಯದಲ್ಲಿ ಮದ್ದಿನ ಅಪಘಾತದಿಂದ ಕಣ್ಣಿಗೆ ಹಾನಿಯಾಗಿದ್ದ ಅವರು 1901ರ ಮೇ 5ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿದರು. ಅರಸರ ಹಂಗಿಲ್ಲದೆ, ಸಾರ್ವಜನಿಕರ ದೇಣಿಗೆ ಮತ್ತು ಕಛೇರಿಗಳ ಸಂಪಾದನೆಯಿಂದ ನಡೆದ ಆ ಸಂಸ್ಥೆಯಲ್ಲಿ ಬಡ ವಿದ್ಯಾರ್ಥಿಗಳನ್ನು ಊಟ ವಸತಿಯೊಡನೆ ಇರಿಸಿಕೊಂಡು, ಮುಂದೆ ಬೋಧಕರಾಗುವಂತೆ ತರಬೇತು ಮಾಡುವ ಏರ್ಪಾಡಿತ್ತು. 1908ರಲ್ಲಿ ಮುಂಬಯಿಗೆ ಬಂದ ಮೇಲೆ ವಿದ್ಯಾಲಯಕ್ಕೆ ಭವ್ಯವಾದ ಸ್ವಂತ ಕಟ್ಟಡವಾಯಿತು. ಕಟ್ಟಡದೊಡನೆ ಸಾಲವೂ ಬೆಳೆಯಿತು. 1924ರಲ್ಲಿ ಸಾಲಗಾರರು ಕಟ್ಟಡವನ್ನು ಹರಾಜಿಗೆ ಹಾಕಿಸಿದರು. ಕಛೇರಿಯ ಆದಾಯ ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ. ಬಡ್ಡಿಯಾದರೋ ಯಾವ ವರ್ಷವೂ ತಪ್ಪುವುದಿಲ್ಲ. ಈ ಸರಳ ಲೆಕ್ಕಕ್ಕೆ ಒಂದು ಮಹತ್ಕಾರ್ಯ ಬಲಿಯಾಯಿತು. ಆದರೆ ಹರಾಜಿನಲ್ಲಿ ಹೋದದ್ದು ಕಲ್ಲು ಮಣ್ಣು ಮಾತ್ರ. ಅಲ್ಲಿ ತಯಾರಾದ ಶಿಷ್ಯರು ಊರೂರಿನಲ್ಲಿ ಪಾಠ ಹೇಳುತ್ತಲೇ ಇದ್ದರು. ಪಲುಸ್ಕರರು 1931ರಲ್ಲಿ ತೀರಿಕೊಂಡಾಗ ಆ ಶಿಷ್ಯರೇ ಕೂಡಿ ಗಾಂಧರ್ವ ಮಹಾವಿದ್ಯಾಲಯ ಮಂಡಲವನ್ನು ಕಟ್ಟಿದರು. ಅದರ ಪರೀಕ್ಷೆಗಳಿಗೆ ಉತ್ತರ ಕರ್ನಾಟಕದ ಮಕ್ಕಳು ಇಂದಿಗೂ ಕೂಡುತ್ತಾರೆ.

ಮೂರನೆಯದು ಹಳ್ಳಿಯ ಬಡವರ ಆಶ್ರಯ. ಇದಕ್ಕೆ ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕಿಂತ ಉತ್ತಮ ನಿದರ್ಶನ ದೊರೆಯದು. 1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಕುರುಡನಾಗಿ ಹುಟ್ಟಿದ ಗದಿಗೆಯ್ಯನೆಂಬ ಬಾಲಕನ ಕಂಠವನ್ನು ಹಾನಗಲ್ಲ ಕುಮಾರಸ್ವಾಮಿಗಳು ಗುರುತಿಸಿದರು. ಅವರ ಪೋಷಣೆಯಲ್ಲಿ ಆ ಬಾಲಕನು ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನೂ, ನೀಲಕಂಠಬುವಾ ಮಿರಜಕರರಲ್ಲಿಯೂ ಕಿರಾನಾ ಘರಾಣೆಯ ಅಬ್ದುಲ್ ವಹೀದ್ ಖಾನರಲ್ಲಿಯೂ ಹಿಂದೂಸ್ತಾನಿ ಸಂಗೀತವನ್ನೂ ಕಲಿತು, ಪಂಚಾಕ್ಷರಿ ಗವಾಯಿಗಳೆಂದು ಪ್ರಸಿದ್ಧರಾದರು. ಗವಾಯಿಗಳು ಅಂಧರೂ ಅನಾಥರೂ ಬಡವರೂ ಆದ ಮಕ್ಕಳನ್ನು ಕೂಡಿಸಿಕೊಂಡು ಊರಿಂದೂರಿಗೆ ಸಂಚರಿಸುತ್ತ ಪಾಠ ಹೇಳಿದರು. ಇದ್ದ ಊರೇ ಶಾಲೆ. ಊರವರು ಕೊಟ್ಟ ಜೋಳವೇ ಅನುದಾನ. ಬಹುಕಾಲದ ಸಂಚಾರದ ತರುವಾಯ ಗದಗಿನ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಈ ಸಂಚಾರಿ ಶಾಲೆಗೆ ನಿಲ್ಲುವ ನೆಲ ದೊರೆಯಿತು.

1944ರಲ್ಲಿ ಗವಾಯಿಗಳು ಲಿಂಗೈಕ್ಯರಾದ ಮೇಲೆ ಆಶ್ರಮದ ಭಾರವನ್ನು ಹೊತ್ತವರು ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010), ಅವರೂ ಅಂಧರೇ. ಆಶ್ರಮದ ಆದಾಯದ ಮೂಲಗಳು ಗಮನಾರ್ಹವಾಗಿವೆ. ಒಂದು, ಭಕ್ತರ ಕಾಳುಕಡಿ ಮತ್ತು ಕಾಣಿಕೆ. ಎರಡು, ಆಶ್ರಮದವರೇ ನಡೆಸಿದ ನಾಟಕ ಸಂಘ. ಅದಕ್ಕೆ ಪುಟ್ಟರಾಜರೇ ನಾಟಕಗಳನ್ನು ರಚಿಸಿದರು. ಮೂರು, ಊರೂರಿನ ಭಕ್ತರು ಅವರಿಗೆ ಮಾಡುತ್ತಿದ್ದ ತುಲಾಭಾರ. ಅವರ ತೂಕದ ನಾಣ್ಯವು ಮಕ್ಕಳ ಅನ್ನವಾಗುತ್ತಿತ್ತು. ಇವುಗಳಲ್ಲಿ ಯಾವುದೂ ದೊಡ್ಡ ಮೊತ್ತವಲ್ಲ, ಯಾವುದೂ ಸಾಲವಲ್ಲ. ಕೊಡುವವರು ಬಹಳ, ಕೊಡುವುದು ಸ್ವಲ್ಪ, ಕೊಡುವ ಸಂದರ್ಭ ಮತ್ತೆ ಮತ್ತೆ ಬರುತ್ತಿತ್ತು. ಒಬ್ಬ ದಾನಿ ಕೈಬಿಟ್ಟರೂ ಒಲೆ ಆರುತ್ತಿರಲಿಲ್ಲ. ವೆಚ್ಚವಾದುದೂ ಮೊದಲು ಮಕ್ಕಳ ಊಟಕ್ಕೆ ಮತ್ತು ಗುರುವಿನ ಬಳಿ ವರ್ಷಗಟ್ಟಲೆ ಇದ್ದು ಕಲಿಯುವ ಅವಕಾಶಕ್ಕೆ.

ಫಲವೂ ಅದಕ್ಕೆ ತಕ್ಕಂತೆ ಬಂದಿತು. ಬಸವರಾಜ ರಾಜಗುರುಗಳ ಖ್ಯಾತಿ ಎಲ್ಲರಿಗೂ ತಿಳಿದುದು. ಬಳ್ಳಾರಿ ಸೀಮೆಯ ವೆಂಕಟೇಶ ಕುಮಾರರು ಪುಟ್ಟರಾಜರಲ್ಲಿ ಹನ್ನೆರಡು ವರ್ಷ ಕಲಿತು, ಧಾರವಾಡದ ಸಂಗೀತ ಮಹಾವಿದ್ಯಾಲಯದಲ್ಲಿ ದೀರ್ಘಕಾಲ ಅಧ್ಯಾಪಕರಾಗಿದ್ದರು. ಹೈದರಾಬಾದಿನ ಕನ್ನಡಿಗರಿಗೆ ಇನ್ನೂ ಹತ್ತಿರದ ಉದಾಹರಣೆ ಸಿದ್ಧರಾಮ ಜಂಬಲದಿನ್ನಿಯವರದು. ಅವರು 1918ರಲ್ಲಿ ನಿಜಾಮರ ಸೀಮೆಗೆ ಸೇರಿದ ರಾಯಚೂರು ಜಿಲ್ಲೆಯಲ್ಲಿ ಹುಟ್ಟಿ, ಮುಂಬಯಿ ಪ್ರಾಂತದಲ್ಲಿದ್ದ ಪಂಚಾಕ್ಷರಿ ಗವಾಯಿಗಳ ಬಳಿ ಕಲಿತು, ವಚನ ಗಾಯನದಲ್ಲಿ ಹೆಸರಾದರು. ರಾಯಚೂರಿನ ರಂಗಮಂದಿರಕ್ಕೆ ಇಂದು ಅವರ ಹೆಸರಿದೆ. ಎರಡು ಸರಕಾರಗಳ ನಡುವಿನ ಗಡಿಯನ್ನು ಜೋಳಿಗೆ ಲೆಕ್ಕಿಸಲಿಲ್ಲ. ಇವರಲ್ಲದೆ, ಹೆಸರು ಪ್ರಸಿದ್ಧವಾಗದ ಎಷ್ಟೋ ಮಂದಿ ಆಶ್ರಮದ ವಿದ್ಯಾರ್ಥಿಗಳು ಶಾಲೆಗಳಲ್ಲಿ ಸಂಗೀತ ಶಿಕ್ಷಕರಾದರು. ಆಶ್ರಮವು ಸಾರ್ವಜನಿಕ ಶಾಲೆಗೆ ಸಲ್ಲಿಸಿದ ನಿಜವಾದ ಸೇವೆ ಇದು: ಅದು ಶಾಲೆಗೆ ಶಿಕ್ಷಕರನ್ನು ಕೊಟ್ಟಿತು.

ಇಲ್ಲಿ ಒಂದು ಆಕ್ಷೇಪಣೆಗೆ ಅವಕಾಶವುಂಟು. ಭಕ್ತಿಯ ಬಲದಿಂದ ನಡೆದ ಆಶ್ರಮವು ಸರಕಾರಿ ಶಾಲೆಗೆ ಮಾದರಿಯಾದೀತೆ? ಸಮಾಜವು ಕೈನೀಡಿದರೆ ಸರಕಾರವು ತನ್ನ ಕರ್ತವ್ಯವನ್ನು ಮರೆಯದೆ? ಆಕ್ಷೇಪಣೆ ತೂಕದ್ದೇ, ಆದುದರಿಂದ ಕಾನೂನು ಏನು ಹೇಳುತ್ತದೆಂದು ನೋಡಬೇಕು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಅನುಸೂಚಿಯಂತೆ, ಆರರಿಂದ ಎಂಟನೆಯ ತರಗತಿಯವರೆಗೆ ನೂರಕ್ಕಿಂತ ಹೆಚ್ಚು ಮಕ್ಕಳಿದ್ದಲ್ಲಿ ಕಲಾಶಿಕ್ಷಣಕ್ಕೆ ಅರೆಕಾಲಿಕ ಬೋಧಕರಿರಬೇಕು. ಅಂಥ ಶಾಲೆಗಳಲ್ಲಿ ಬೋಧಕರನ್ನು ಕೇಳಿ ಪಡೆಯುವುದು ಜನರ ಹಕ್ಕು. ಅಲ್ಲಿ ದಾನದ ಮಾತು ಬೇಡ. ಆದರೆ ನೂರರ ಗೆರೆಯ ಕೆಳಗಿರುವ ಶಾಲೆಗೆ ಈ ರಕ್ಷಣೆಯಿಲ್ಲ. ಗಡಿಯಾಚೆಯ ಕನ್ನಡ ಶಾಲೆಗಳು ಬಹುಮಟ್ಟಿಗೆ ಸಣ್ಣವು. ಮಕ್ಕಳು ಕಡಿಮೆಯೆಂದು ಸಂಗೀತವಿಲ್ಲ. ಆಟಪಾಠ ಹಾಡುಗಳಿಲ್ಲದ ಶಾಲೆಗೆ ಮಕ್ಕಳು ಇನ್ನೂ ಕಡಿಮೆಯಾಗುತ್ತಾರೆ. ಸಮಾಜದ ನೆರವು ಸಲ್ಲಬೇಕಾದುದು ಇಂಥ ಕಡೆಯಲ್ಲಿ.

ಹೈದರಾಬಾದಿನಲ್ಲಿ ಇದಕ್ಕೆ ಬೇಕಾದ ಸಾಧನಗಳು ಇಲ್ಲವೆನ್ನುವಂತಿಲ್ಲ. ಸರಕಾರಿ ಸಂಗೀತ ನೃತ್ಯ ಕಲಾಶಾಲೆ ಇಲ್ಲಿ ಸ್ಥಾಪಿತವಾದುದು 1952ರಲ್ಲಿ. ಆಗ ರಾಯಚೂರು, ಕಲಬುರಗಿ, ಬೀದರಗಳು ಇದೇ ರಾಜ್ಯದಲ್ಲಿದ್ದವು. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಮೈಸೂರನ್ನು ಸೇರಿದವು. ಕಲಾಶಾಲೆ ಇಲ್ಲಿಯೇ ಉಳಿಯಿತು, ನಗರದ ಕನ್ನಡಿಗರೂ ಉಳಿದರು. ಕಲಿತ ಶಿಕ್ಷಕರು ನಗರದಲ್ಲಿಯೇ ದೊರೆಯುವಾಗ ಪ್ರತಿಯೊಂದು ಶಾಲೆಗೂ ಒಬ್ಬೊಬ್ಬರನ್ನು ನೇಮಿಸುವ ಅಗತ್ಯವಿಲ್ಲ. ಪಂಚಾಕ್ಷರಿ ಗವಾಯಿಗಳ ಮೊದಲ ಶಾಲೆ ಸಂಚಾರಿಯಾಗಿತ್ತು. ಒಬ್ಬ ಶಿಕ್ಷಕರು ವಾರದಲ್ಲಿ ಐದಾರು ಶಾಲೆಗಳಿಗೆ ಹೋಗಿ ಬರಬಹುದು. ಅವರ ಸಂಭಾವನೆಯನ್ನು ನೂರಾರು ಮನೆಗಳ ಸಣ್ಣ ವಂತಿಗೆಯಿಂದ ತಿಂಗಳು ತಿಂಗಳೂ ಸಲ್ಲಿಸಬಹುದು. ಹಾರ್ಮೋನಿಯಂ ಕೊಡಿಸಿ ಭಾವಚಿತ್ರ ತೆಗೆಸಿಕೊಳ್ಳುವುದು ಸುಲಭ. ಅದನ್ನು ನುಡಿಸಿ ಕಲಿಸುವವರಿಲ್ಲದಿದ್ದರೆ ಅದು ಬೀರುವಿನಲ್ಲಿ ಧೂಳು ತಿನ್ನುತ್ತದೆ.

ಅರಸರ ಆಶ್ರಯ ಅರಸೊತ್ತಿಗೆಯೊಡನೆ ಮುಗಿಯಿತು. ಮುಂಬಯಿಯ ಕಟ್ಟಡ ಸಾಲದ ಬಾಯಿಗೆ ಹೋಯಿತು. ಲಾಹೋರಿನ ಪರಂಪರೆಯಲ್ಲಾಗಲಿ ಗದಗಿನ ಆಶ್ರಮದಲ್ಲಾಗಲಿ ಉಳಿದುದು ಗುರು ಮತ್ತು ಗುರುವಿನ ಕೈಯಲ್ಲಿ ತಯಾರಾದ ಇನ್ನೊಬ್ಬ ಗುರು. ಶಾಲೆಗೆ ಹಾಡನ್ನು ಹಿಂದಿರುಗಿಸಬೇಕೆನ್ನುವ ಸಮಾಜವು ಮೊದಲು ಹೊರಬೇಕಾದುದು ಆ ಗುರುವಿನ ಯೋಗಕ್ಷೇಮವನ್ನು.