ಕೊನೆಯ ಹಾಡು ಯಾರದು?

ಮನೆಯಲ್ಲಿ ಸಾವಾದಾಗ ದುಃಖಿಸಲು ಪುರಸೊತ್ತು ಸಿಗುವುದು ತಡವಾಗಿ. ಅದಕ್ಕೆ ಮೊದಲೇ ಇತ್ಯರ್ಥವಾಗಬೇಕಾದ ಸಂಗತಿಗಳು ಹಲವಿರುತ್ತವೆ. ಕ್ಯಾಥೊಲಿಕ್ ಕ್ರೈಸ್ತರ ಮನೆಯಾದರೆ ಶವಪೆಟ್ಟಿಗೆ, ಸಮಾಧಿಯ ಜಾಗ, ಬಲಿಪೂಜೆಯ ಹೊತ್ತು ಎಲ್ಲ ನಿಶ್ಚಯವಾದ ಮೇಲೆ ಚರ್ಚಿನ ಗಾಯನವೃಂದದವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ: ಯಾವ ಹಾಡುಗಳನ್ನು ಹಾಡೋಣ? ಮೇಲ್ನೋಟಕ್ಕೆ ಇದು ಸಣ್ಣ ಪ್ರಶ್ನೆ. ಆದರೆ ಅಣ್ಣ ಒಂದು ಹಾಡು ಹೇಳಿದರೆ ತಂಗಿ ಇನ್ನೊಂದು ಹೇಳುವುದು, ತೀರಿಕೊಂಡವರಿಗೆ ಬಹಳ ಇಷ್ಟವಾಗಿದ್ದ ಹಾಡನ್ನು ಪಾದ್ರಿಗಳು ಒಪ್ಪದಿರುವುದು, ಆ ನೋವು ಮನೆಯವರ ಮನಸ್ಸಿನಲ್ಲಿ ವರ್ಷಗಟ್ಟಲೆ ಉಳಿಯುವುದು ಅಪರೂಪವೇನಲ್ಲ.

ಸ್ವಾರಸ್ಯವೆಂದರೆ, ಮನೆಯವರನ್ನು ಹೀಗೆ ಕೇಳುವ ಪದ್ಧತಿ ಬಂದದ್ದೇ ಇತ್ತೀಚೆಗೆ. ಅದಕ್ಕೆ ಮುಂಚಿನ ಸುಮಾರು ನಾಲ್ಕು ಶತಮಾನಗಳ ಕಾಲ ಶವಸಂಸ್ಕಾರದ ಪೂಜೆಯಲ್ಲಿ ಏನನ್ನು ಹಾಡಬೇಕೆಂಬುದು ಪುಸ್ತಕದಲ್ಲಿ ನಿಗದಿಯಾಗಿತ್ತು. ಪ್ರಶ್ನೆಯ ಒಳಗಿರುವ ತೊಡಕು ಮಾತ್ರ ಬಹಳ ಹಳೆಯದು. ಕೊನೆಯ ಹಾಡು ಸತ್ತವರ ನೆನಪಿಗಾಗಿಯೋ, ಅವರ ಪರವಾಗಿ ಮಾಡುವ ಪ್ರಾರ್ಥನೆಯೋ, ಅಥವಾ ಉಳಿದವರ ಸಮಾಧಾನಕ್ಕಾಗಿಯೋ? ಈ ಮೂರರಲ್ಲಿ ಯಾವುದು ಮುಖ್ಯ ಎಂಬುದಕ್ಕೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳು ಬಂದಿವೆ.

ಒಸ್ತಿಯಾದ ಆ ದಿನ

ಕ್ರಿ.ಶ. 387ರಲ್ಲಿ ರೋಮ್ ನಗರದ ಬಂದರಾಗಿದ್ದ ಒಸ್ತಿಯಾದಲ್ಲಿ ಮೋನಿಕಾ ಎಂಬ ತಾಯಿ ತೀರಿಕೊಂಡರು. ಅವರ ಮಗನೇ ಮುಂದೆ ಸಂತ ಅಗಸ್ಟೀನ್ ಎಂದು ಪ್ರಸಿದ್ಧರಾದವರು. ತಮ್ಮ ಆತ್ಮಕಥನವಾದ 'ಕನ್ಫೆಷನ್ಸ್' ಗ್ರಂಥದಲ್ಲಿ ಅವರು ಆ ದಿನವನ್ನು ವಿವರವಾಗಿ ದಾಖಲಿಸಿದ್ದಾರೆ. ಅಜ್ಜಿಯ ಉಸಿರು ನಿಂತೊಡನೆ ಮೊಮ್ಮಗ ಗಟ್ಟಿಯಾಗಿ ಅಳತೊಡಗಿದ. ದೊಡ್ಡವರು ಅವನನ್ನು ಸುಮ್ಮನಾಗಿಸಿದರು. ಬಳಿಕ ಎವೋದಿಯಸ್ ಎಂಬ ಗೆಳೆಯ ಕೀರ್ತನೆಗಳ ಪುಸ್ತಕವನ್ನು ಕೈಗೆತ್ತಿಕೊಂಡು ಹಾಡಲಾರಂಭಿಸಿದ. ಮನೆಮಂದಿಯೆಲ್ಲ ದನಿಗೂಡಿಸಿದರು. ಅವರು ಆರಿಸಿಕೊಂಡದ್ದು ದೇವರ ಕರುಣೆ ಮತ್ತು ನ್ಯಾಯವನ್ನು ಕುರಿತ ಕೀರ್ತನೆ. ಅದರಲ್ಲಿ ಮೋನಿಕಾ ಅವರ ಪ್ರಸ್ತಾಪವಾಗಲಿ ಗುಣಗಾನವಾಗಲಿ ಇರಲಿಲ್ಲ.

ಆ ಕೀರ್ತನೆ ಹಾಡುವಾಗಲೂ ಸಮಾಧಿಯ ಬಳಿಯಲ್ಲೂ ಅಗಸ್ಟೀನ್ ಅಳಲಿಲ್ಲ. ನಿದ್ದೆ ಮಾಡಿ ಎಚ್ಚರವಾದಾಗ, ಒಬ್ಬರೇ ಮಲಗಿದ್ದ ಹಾಸಿಗೆಯಲ್ಲಿ ಅವರಿಗೆ ಮಿಲಾನಿನ ಬಿಷಪ್ ಆಂಬ್ರೋಸ್ ರಚಿಸಿದ್ದ ಒಂದು ಸಂಜೆಯ ಸ್ತೋತ್ರ ನೆನಪಾಯಿತು. ಅದರ ಸಾಲುಗಳು ಮನಸ್ಸಿನಲ್ಲಿ ಮೂಡಿದ ಮೇಲೆ ತಾಯಿಯ ನೆನಪು ಉಕ್ಕಿಬಂದು ಅವರು ಅತ್ತುಬಿಟ್ಟರು. ಎಲ್ಲರೂ ಸೇರಿ ಹಾಡುವ ಹಾಡು ಒಂದು, ಒಬ್ಬರೇ ಇರುವಾಗ ಕಣ್ಣೀರು ತರಿಸುವ ಹಾಡು ಇನ್ನೊಂದು. ಈ ವ್ಯತ್ಯಾಸ ಹದಿನಾರು ಶತಮಾನಗಳ ಹಿಂದೆಯೇ ಹೀಗೆ ದಾಖಲಾಗಿದೆ.

ಆ ಕಾಲದ ಕ್ರೈಸ್ತರು ಶವಯಾತ್ರೆಯಲ್ಲಿ ಕೀರ್ತನೆ ಹಾಡುವುದನ್ನು ತಮ್ಮ ನಂಬಿಕೆಯ ಗುರುತೆಂದೇ ಎಣಿಸಿದ್ದರು. ದುಡ್ಡು ಕೊಟ್ಟು ಅಳುವ ಹೆಂಗಸರನ್ನು ಕರೆತರುವ ಪದ್ಧತಿಯನ್ನು ಸಂತ ಜಾನ್ ಕ್ರಿಸೊಸ್ತೊಮ್ ಕಟುವಾಗಿ ಖಂಡಿಸಿದರು. 399ರಲ್ಲಿ ರೋಮ್ ನಗರದಲ್ಲಿ ಫಾಬಿಯೋಲ ಎಂಬ ದಾನಶೀಲ ಮಹಿಳೆ ತೀರಿಕೊಂಡಾಗ ಇಡೀ ನಗರವೇ ನೆರೆದು, ಅಲ್ಲೆಲೂಯದ ಘೋಷಕ್ಕೆ ದೇಗುಲಗಳ ಚಿನ್ನದ ಛಾವಣಿಗಳು ನಡುಗಿದವು ಎಂದು ಸಂತ ಜೆರೋಮ್ ಪತ್ರವೊಂದರಲ್ಲಿ ಬಣ್ಣಿಸಿದ್ದಾರೆ. ಅಲ್ಲೆಲೂಯ ಎಂಬುದು ಹರ್ಷದ ಉದ್ಗಾರ. ಅದನ್ನು ಅಂದು ಶವಯಾತ್ರೆಯಲ್ಲಿ ಹಾಡುತ್ತಿದ್ದರು.

ಭಯದ ಶತಮಾನಗಳು

ಮಧ್ಯಯುಗದಲ್ಲಿ ಈ ಧಾಟಿ ಬದಲಾಯಿತು. ಸಾವಿನ ನಂತರದ ವಿಚಾರಣೆ, ಶುದ್ಧೀಕರಣ ಸ್ಥಳದ ಯಾತನೆ, ಸತ್ತವರಿಗಾಗಿ ಜೀವಂತರು ಮಾಡಬೇಕಾದ ಪ್ರಾರ್ಥನೆ ಇವು ಜನರ ಮನಸ್ಸನ್ನು ಆವರಿಸಿಕೊಂಡವು. ಶವಸಂಸ್ಕಾರದ ಪೂಜೆಯಿಂದ ಅಲ್ಲೆಲೂಯ ಮರೆಯಾಯಿತು. ಪಾದ್ರಿಗಳ ವಸ್ತ್ರ ಕಪ್ಪಾಯಿತು. ಆ ಪೂಜೆಗೆ 'ರೆಕ್ವಿಯೆಮ್' ಎಂಬ ಹೆಸರು ಬಂದದ್ದು ಅದರ ಮೊದಲ ಹಾಡಿನ ಮೊದಲ ಲ್ಯಾಟಿನ್ ಪದದಿಂದ. ವಿಶ್ರಾಂತಿ ಎಂಬುದು ಅದರ ಅರ್ಥ.

ಆ ಪೂಜೆಯ ಅತ್ಯಂತ ಪ್ರಸಿದ್ಧ ಭಾಗ 'ದಿಯೆಸ್ ಇರೆ', ಅಂದರೆ ಕೋಪದ ದಿನ. ಹದಿಮೂರನೆಯ ಶತಮಾನದ ಫ್ರಾನ್ಸಿಸ್ಕನ್ ಸನ್ಯಾಸಿ ತೊಮಾಸೊ ದ ಚೆಲಾನೊ ಇದರ ಕರ್ತೃ ಎಂಬುದು ರೂಢಿಯ ಮಾತು. ಮೂರು ಮೂರು ಸಾಲಿನ ಪ್ರಾಸಬದ್ಧ ಪದ್ಯಗಳಲ್ಲಿ ಲೋಕಾಂತ್ಯದ ವಿಚಾರಣೆಯನ್ನು ಇದು ಕಣ್ಣಿಗೆ ಕಟ್ಟುತ್ತದೆ. ಭಯದ ಹಾಡೆಂದೇ ಇದು ಹೆಸರಾಗಿದ್ದರೂ ಇದರ ಬಹುಭಾಗ ಕರುಣೆಗಾಗಿ ಒಬ್ಬಂಟಿ ಜೀವ ಮಾಡುವ ಬೇಡಿಕೆಯಾಗಿದೆ ಎಂಬುದನ್ನು ಮರೆಯಬಾರದು.

1570ರಲ್ಲಿ ಐದನೆಯ ಪಿಯುಸ್ ಪೋಪ್ ಹೊರಡಿಸಿದ ಪೂಜಾ ಪುಸ್ತಕ ಈ ಕ್ರಮವನ್ನು ಭದ್ರಪಡಿಸಿತು. ಮಧ್ಯಯುಗದಲ್ಲಿ ಹುಟ್ಟಿಕೊಂಡಿದ್ದ ಇಂಥ ದೀರ್ಘ ಸ್ತೋತ್ರಗಳಲ್ಲಿ ಅದು ನಾಲ್ಕನ್ನು ಮಾತ್ರ ಉಳಿಸಿಕೊಂಡಿತು. ಆ ನಾಲ್ಕರಲ್ಲಿ 'ದಿಯೆಸ್ ಇರೆ' ಒಂದು. ಅಲ್ಲಿಂದ ಮುಂದೆ ಲ್ಯಾಟಿನ್ ವಿಧಿಯನ್ನು ಅನುಸರಿಸುವ ಬಹುತೇಕ ಚರ್ಚುಗಳಲ್ಲಿ, ಲಿಸ್ಬನ್ ಆಗಲಿ ಗೋವಾ ಆಗಲಿ ಮಂಗಳೂರಾಗಲಿ, ಸತ್ತವರ ಪೂಜೆಗೆ ಒಂದೇ ಪಠ್ಯ, ಒಂದೇ ಭಾಷೆ. ಇದರಲ್ಲಿ ಒಂದು ಸಮಾನತೆಯೂ ಇತ್ತು. ಧಣಿ ಸತ್ತರೂ ಆಳು ಸತ್ತರೂ ಪುಸ್ತಕದ ಮಾತುಗಳು ಅವೇ. ಸತ್ತವರ ಬದುಕಿನ ಹೆಚ್ಚುಗಾರಿಕೆಯನ್ನು ಹೇಳುವುದಕ್ಕೆ ಅಲ್ಲಿ ಎಡೆಯೇ ಇರಲಿಲ್ಲ.

ದುಡ್ಡಿದ್ದವರ ಆಯ್ಕೆ

ಮಾತುಗಳು ನಿಗದಿಯಾಗಿದ್ದರೂ ಅವುಗಳಿಗೆ ಯಾವ ಸಂಗೀತ, ಎಷ್ಟು ಗಾಯಕರು ಎಂಬುದು ಮಾತ್ರ ಕುಟುಂಬದ ಅಂತಸ್ತನ್ನು ಅವಲಂಬಿಸಿತ್ತು. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಶವಸಂಸ್ಕಾರಕ್ಕೆ ದರ್ಜೆಗಳಿದ್ದವು, ದರ್ಜೆಗೆ ತಕ್ಕ ದರವೂ ಇತ್ತು. ಬಡವರಿಗೆ ಸರಳವಾದ ಪಠಣವೇ ಗತಿ.

ಅಂತಸ್ತಿನ ಆಯ್ಕೆಗೆ ಪ್ರಸಿದ್ಧ ನಿದರ್ಶನ ಮೊಟ್ಸಾರ್ಟನ 'ರೆಕ್ವಿಯೆಮ್'. 1791ರ ಫೆಬ್ರುವರಿಯಲ್ಲಿ ಆಸ್ಟ್ರಿಯಾದ ಶ್ರೀಮಂತ ಫ್ರಾನ್ಸ್ ಫೊನ್ ವಾಲ್ಸೆಗ್‌ನ ಎಳೆಯ ಪ್ರಾಯದ ಹೆಂಡತಿ ಆನಾ ತೀರಿಕೊಂಡಳು. ಅವಳ ನೆನಪಿಗಾಗಿ ಆತ ತನ್ನ ಹೆಸರು ಹೇಳದೆ, ಮಧ್ಯವರ್ತಿಯ ಮೂಲಕ ಮೊಟ್ಸಾರ್ಟನಿಗೆ ಕೆಲಸ ಒಪ್ಪಿಸಿದ. ಅದು ಮುಗಿಯುವ ಮೊದಲೇ, ಅದೇ ವರ್ಷದ ಡಿಸೆಂಬರ್ 5ರಂದು ಮೊಟ್ಸಾರ್ಟ್ ಸತ್ತ. ಉಳಿದ ಭಾಗವನ್ನು ಸ್ಯೂಸ್ಮಯರ್ ಪೂರ್ಣಗೊಳಿಸಿದ. 1793ರ ಡಿಸೆಂಬರಿನಲ್ಲಿ ಅದು ಆನಾಳ ಸ್ಮರಣೆಯ ಪೂಜೆಯಲ್ಲಿ ಕೇಳಿಬಂತು. ಅಷ್ಟರಲ್ಲಿ ಅದರ ಕೆಲವು ಭಾಗಗಳು ಮೊಟ್ಸಾರ್ಟನ ಸ್ಮರಣೆಯ ಪೂಜೆಯಲ್ಲೇ ಹಾಡಲ್ಪಟ್ಟಿದ್ದವು. ಇನ್ನೊಬ್ಬರ ಹೆಂಡತಿಗೆಂದು ಬರೆದ ಶೋಕಗೀತೆ ಬರೆದವನ ಪಾಲಿಗೇ ಮೊದಲು ಒದಗಿತು.

ಆಯ್ಕೆಗೆ ಅಡ್ಡಿಗಳೂ ಇದ್ದವು. 1849ರ ಅಕ್ಟೋಬರ್ 17ರಂದು ಪ್ಯಾರಿಸ್ಸಿನಲ್ಲಿ ಶೊಪೆನ್ ತೀರಿಕೊಂಡಾಗ ಸಂಸ್ಕಾರ ನಡೆದದ್ದು 30ರಂದು. ಮೊಟ್ಸಾರ್ಟನ 'ರೆಕ್ವಿಯೆಮ್' ಹಾಡಿಸಬೇಕಿತ್ತು. ಅದಕ್ಕೆ ಹೆಂಗಸರ ಕಂಠ ಬೇಕು. ಮಾದ್ಲೆನ್ ಚರ್ಚಿನಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಕೊನೆಗೆ ಕಪ್ಪು ಪರದೆಯ ಹಿಂದೆ ನಿಂತು ಹಾಡುವ ಶರತ್ತಿನ ಮೇಲೆ ಒಪ್ಪಿಗೆ ದೊರೆಯಿತು. ಅದಕ್ಕೂ ಮುಂಚೆ ಇಂಥದೇ ಆಕ್ಷೇಪದಿಂದ ಬೇಸತ್ತಿದ್ದ ಕೆರುಬಿನಿ ಎಂಬ ಹಿರಿಯ ಸಂಗೀತಗಾರ ಹೆಚ್ಚು ಮುಂದಾಲೋಚನೆ ಮಾಡಿದ್ದ. ಬರೇ ಗಂಡಸರ ಕಂಠಕ್ಕೆಂದು 1836ರಲ್ಲಿ ಇನ್ನೊಂದು 'ರೆಕ್ವಿಯೆಮ್' ರಚಿಸಿ ತನ್ನ ಸಂಸ್ಕಾರಕ್ಕಾಗಿ ಇಟ್ಟುಕೊಂಡ. 1842ರಲ್ಲಿ ಅದನ್ನೇ ಹಾಡಿದರು.

1888ರಲ್ಲಿ ಅದೇ ಮಾದ್ಲೆನ್ ಚರ್ಚಿನಲ್ಲಿ ಗಾಬ್ರಿಯೆಲ್ ಫೋರೆಯ 'ರೆಕ್ವಿಯೆಮ್' ಮೊದಲು ಕೇಳಿಬಂತು. ಫೋರೆ ಅದರಲ್ಲಿ 'ದಿಯೆಸ್ ಇರೆ'ಯ ಬಹುಭಾಗವನ್ನು ಕೈಬಿಟ್ಟಿದ್ದ. ಬದಲಿಗೆ, ಶವವನ್ನು ಚರ್ಚಿನಿಂದ ಸಮಾಧಿಗೆ ಒಯ್ಯುವಾಗ ಹಾಡುವ 'ಇನ್ ಪಾರಾದಿಸುಮ್' ಎಂಬ ಪುರಾತನ ಗೀತೆಯನ್ನು ಕೊನೆಗೆ ಸೇರಿಸಿದ್ದ. ಸತ್ತವರನ್ನು ದೇವದೂತರು ಸ್ವರ್ಗಕ್ಕೆ ಕರೆದೊಯ್ಯಲಿ, ಒಮ್ಮೆ ಬಡವನಾಗಿದ್ದ ಲಾಜರನ ಜೊತೆಯಲ್ಲಿ ಅವರಿಗೂ ನೆಮ್ಮದಿ ಸಿಗಲಿ ಎಂಬುದು ಅದರ ಆಶಯ. ಇಂಥ ಹೊಸತೆಲ್ಲ ನಮಗೆ ಬೇಡ ಎಂದು ಅಲ್ಲಿನ ಪಾದ್ರಿಗಳು ಫೋರೆಯನ್ನು ಗದರಿದರೆಂಬ ಪ್ರಸಂಗ ಪ್ರಸಿದ್ಧವಾಗಿದೆ. ಆದರೆ ಮುಂದಿನ ಶತಮಾನದ ಗಾಳಿ ಬೀಸಲಿದ್ದುದು ಫೋರೆ ಮುಖ ಮಾಡಿದ್ದ ದಿಕ್ಕಿಗೇ.

ಬಾಗಿಲು ತೆರೆದ ಮೇಲೆ

1903ರಲ್ಲಿ ಹತ್ತನೆಯ ಪಿಯುಸ್ ಪೋಪ್ ಚರ್ಚಿನೊಳಗೆ ಒಪೆರಾ ಧಾಟಿಯ ಸಂಗೀತವನ್ನೂ ಪಿಯಾನೊವನ್ನೂ ನಿಷೇಧಿಸಿ, ಪುರಾತನ ಗ್ರೆಗರಿಯನ್ ಗಾಯನವೇ ಮಾದರಿ ಎಂದು ಸಾರಿದರು. ಅರುವತ್ತು ವರ್ಷಗಳ ಬಳಿಕ ಎರಡನೆಯ ವ್ಯಾಟಿಕನ್ ಮಹಾಸಭೆ ಇನ್ನೊಂದು ಹೆಜ್ಜೆ ಇಟ್ಟಿತು. ಗ್ರೆಗರಿಯನ್ ಗಾಯನದ ಅಗ್ರಸ್ಥಾನವನ್ನು ಉಳಿಸಿಕೊಂಡೇ, 1963ರ ಡಿಸೆಂಬರ್ 4ರಂದು ಹೊರಬಂದ ಅದರ ನಿರ್ಣಯ ಎರಡು ಮುಖ್ಯ ಮಾತುಗಳನ್ನು ಹೇಳಿತು. ಶವಸಂಸ್ಕಾರವು ಕ್ರಿಸ್ತನ ಪುನರುತ್ಥಾನದ ಭರವಸೆಯನ್ನು ಹೆಚ್ಚು ಸ್ಪಷ್ಟವಾಗಿ ತೋರಬೇಕು. ಅದು ಆಯಾ ಪ್ರದೇಶದ ಸಂಪ್ರದಾಯಕ್ಕೂ ಹೊಂದಿಕೊಳ್ಳಬೇಕು. 1969ರಲ್ಲಿ ಹೊಸ ಸಂಸ್ಕಾರ ವಿಧಿ ಬಂತು. 'ದಿಯೆಸ್ ಇರೆ' ಸಂಸ್ಕಾರದ ಪೂಜೆಯಿಂದ ಹೊರಗೆ ಹೋಯಿತು, ಅಲ್ಲೆಲೂಯ ಮರಳಿ ಬಂತು. ಕಪ್ಪಿನ ಜೊತೆಗೆ ನೇರಳೆ ಮತ್ತು ಬಿಳಿಯ ವಸ್ತ್ರಗಳಿಗೂ ಎಡೆಯಾಯಿತು.

ಕುಟುಂಬಕ್ಕೆ ಆಯ್ಕೆ ಸಿಕ್ಕಿದ್ದು ಹೀಗೆ. ಆಯ್ಕೆಯ ಜೊತೆಗೆ ಜಗಳವೂ ಬಂತು. 2001ರಲ್ಲಿ ಅಮೆರಿಕದ ಪ್ರಾವಿಡೆನ್ಸ್ ಧರ್ಮಪ್ರಾಂತ್ಯ ಐರಿಷ್ ಮೂಲದವರಿಗೆ ಪ್ರಾಣವಾಗಿದ್ದ 'ಡ್ಯಾನಿ ಬಾಯ್' ಹಾಡನ್ನು ಸಂಸ್ಕಾರದ ಪೂಜೆಯಲ್ಲಿ ಹಾಡಬಾರದೆಂದಿತು. 2010ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ಮಹಾಧರ್ಮಪ್ರಾಂತ್ಯ ಪಾಪ್ ಹಾಡುಗಳನ್ನೂ ಫುಟ್‌ಬಾಲ್ ಕ್ಲಬ್ಬುಗಳ ಗೀತೆಗಳನ್ನೂ ದೂರವಿಡುವಂತೆ ಸೂಚಿಸಿತು. ಪತ್ರಿಕೆಗಳಲ್ಲಿ ಆಕ್ರೋಶ ವ್ಯಕ್ತವಾಯಿತು. ತಂದೆಯ ಜೀವಮಾನದ ಪ್ರೀತಿಯ ಹಾಡಿಗೆ ತಂದೆಯ ಕೊನೆಯ ಪೂಜೆಯಲ್ಲೇ ಜಾಗವಿಲ್ಲವೆಂದರೆ ಮಕ್ಕಳಿಗೆ ನೋವಾಗದೆ ಇದ್ದೀತೆ?

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಚರ್ಚಿನ ಹಾಡು ಎಂದು ನಾವು ನಂಬಿಕೊಂಡಿರುವುದೆಲ್ಲ ಚರ್ಚಿನಲ್ಲಿ ಹುಟ್ಟಿದ್ದಲ್ಲ. ಶೂಬರ್ಟನ 'ಆವೆ ಮರಿಯ' 1825ರಲ್ಲಿ ವಾಲ್ಟರ್ ಸ್ಕಾಟ್‌ನ ಕಥನಕಾವ್ಯದ ನಾಯಕಿಯ ಹಾಡಾಗಿ ರಚನೆಯಾದದ್ದು. ಲ್ಯಾಟಿನ್ ಪ್ರಾರ್ಥನೆಯ ಮಾತುಗಳನ್ನು ಅದಕ್ಕೆ ಆಮೇಲೆ ಹೊಂದಿಸಿದರು. ಹದಿನೆಂಟನೆಯ ಶತಮಾನದ್ದೆಂದು ಜನ ಭಾವಿಸುವ ಆಲ್ಬಿನೋನಿಯ 'ಅದಾಜಿಯೊ' ನಿಜಕ್ಕೂ ರೆಮೊ ಜಾಝೊಟ್ಟೊ ಎಂಬ ವಿದ್ವಾಂಸನ ರಚನೆ, ಪ್ರಕಟವಾದದ್ದು 1958ರಲ್ಲಿ. ಇಂದು ಕ್ಯಾಥೊಲಿಕ್ ಚರ್ಚುಗಳಲ್ಲೂ ಕೇಳಿಬರುವ 'ಅಮೇಝಿಂಗ್ ಗ್ರೇಸ್', 'ಅಬೈಡ್ ವಿತ್ ಮಿ' ಎರಡೂ ಆಂಗ್ಲಿಕನ್ ಪಾದ್ರಿಗಳು ಬರೆದವು. ಅವು ಒಳಗೆ ಬಂದದ್ದು ಅವುಗಳ ಮಾತು ಪ್ರಾರ್ಥನೆಯಾಗಿರುವುದರಿಂದ. ಆದ್ದರಿಂದ ಹಾಡು ಹಳೆಯದೋ ಹೊಸದೋ, ಯಾರದು ಎಂಬುದಕ್ಕಿಂತ ಅದು ಯಾರನ್ನು ಕುರಿತು ಮಾತಾಡುತ್ತದೆ, ಏನನ್ನು ಬೇಡುತ್ತದೆ ಎಂಬುದೇ ಒರೆಗಲ್ಲು.

ಯಾವ ಭಾಷೆಯಲ್ಲಿ ಬೀಳ್ಕೊಡುವುದು?

ನಮ್ಮ ಕಡೆ ಈ ಆಯ್ಕೆ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. 1965ರಿಂದೀಚೆಗೆ ಪೂಜೆಯಲ್ಲಿ ಜನರ ಭಾಷೆಗಳು ಲ್ಯಾಟಿನ್ನಿನ ಜಾಗಕ್ಕೆ ಬರತೊಡಗಿದವು. 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರ ಭಾರತೀಯ ರೀತಿಯ ಆರಾಧನೆಗೆ ಒತ್ತುಕೊಟ್ಟಿತು. ಭಜನೆಯ ಧಾಟಿ, ಹಾರ್ಮೋನಿಯಂ, ತಬಲಗಳಿಗೆ ಬಲಿಪೀಠದ ಬಳಿ ಜಾಗವಾಯಿತು. ಆದರೆ ಕರ್ನಾಟಕದ ಕ್ಯಾಥೊಲಿಕರ ಮನೆಮಾತು ಒಂದಲ್ಲ. ಕರಾವಳಿಯಲ್ಲಿ ಕೊಂಕಣಿ, ಒಳನಾಡಿನಲ್ಲಿ ಕನ್ನಡ, ಬೆಂಗಳೂರಿನಲ್ಲಿ ಇವೆರಡರ ಜೊತೆಗೆ ತಮಿಳು, ಮಲಯಾಳ, ಇಂಗ್ಲಿಷ್. ಯಾವ ಪೂಜೆ ಯಾವ ಭಾಷೆಯಲ್ಲಿ ಎಂಬ ವಿವಾದ ಬೆಂಗಳೂರಿನ ಚರ್ಚುಗಳನ್ನು ದಶಕಗಳ ಕಾಲ ಕಾಡಿದೆ.

ಸಾವಿನ ಮನೆಯಲ್ಲಿ ಆ ವಿವಾದ ಖಾಸಗಿಯಾಗುತ್ತದೆ. ಅಜ್ಜಿ ಜೀವನಪೂರ್ತಿ ಜಪಸರ ಹಿಡಿದು ಪ್ರಾರ್ಥಿಸಿದ್ದು ಕೊಂಕಣಿಯಲ್ಲಿ. ದುಬೈಯಿಂದಲೋ ಕೆನಡಾದಿಂದಲೋ ಬಂದಿಳಿಯುವ ಮೊಮ್ಮಕ್ಕಳಿಗೆ ಬರುವುದು ಇಂಗ್ಲಿಷ್ ಹಾಡುಗಳು. ನೆರೆದ ಊರಿನವರು ದನಿಗೂಡಿಸಬಲ್ಲದ್ದು ಕನ್ನಡದಲ್ಲಿ. ಅಜ್ಜಿಯ ಭಾಷೆಯಲ್ಲಿ ಹಾಡಿದರೆ ಅದು ಗೌರವ. ಎಲ್ಲರಿಗೂ ಬರುವ ಭಾಷೆಯಲ್ಲಿ ಹಾಡಿದರೆ ಅದು ಎಲ್ಲರ ಪ್ರಾರ್ಥನೆ. ಎರಡನ್ನೂ ಬೆರೆಸುವುದೇ ಬಹಳಷ್ಟು ಮನೆಗಳು ಕಂಡುಕೊಂಡ ದಾರಿ.

ಈ ಎಲ್ಲ ಕಗ್ಗಂಟಿಗೆ ಸಂಸ್ಕಾರ ವಿಧಿಯಲ್ಲೇ ಒಂದು ಜಾಣ ಪರಿಹಾರವಿದೆ. 1969ರ ವಿಧಿ ಮೂರು ತಾಣಗಳನ್ನು ಗುರುತಿಸುತ್ತದೆ: ಮನೆ, ಚರ್ಚು, ಸಮಾಧಿ. ಚರ್ಚಿನ ಪೂಜೆ ಕಟ್ಟುನಿಟ್ಟಾದದ್ದು. ಅಲ್ಲಿ ಪ್ರವೇಶಕ್ಕೆ, ವಾಚನಗಳ ನಡುವಿನ ಕೀರ್ತನೆಗೆ, ಪರಮಪ್ರಸಾದದ ಹೊತ್ತಿಗೆ, ಕೊನೆಯ ಬೀಳ್ಕೊಡುಗೆಗೆ ಬೇರೆ ಬೇರೆ ಹಾಡುಗಳು ಬೇಕು. ಎಲ್ಲವೂ ಪ್ರಾರ್ಥನೆಯೇ ಆಗಿರಬೇಕು. ಮನೆಯಲ್ಲಿ ಶವದ ಬಳಿ ಕುಳಿತ ರಾತ್ರಿಯ ಜಾಗರಣೆಗೆ ಅಷ್ಟು ಬಿಗಿಯಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಅಪ್ಪನಿಗೆ ಪ್ರಿಯವಾಗಿದ್ದ ಹಳೆಯ ಸಿನಿಮಾ ಹಾಡನ್ನು ಯಾರಾದರೂ ಮೆಲ್ಲಗೆ ಗುನುಗಿದರೆ ಯಾವ ಬಿಷಪ್ಪರ ಅಪ್ಪಣೆಯೂ ಬೇಕಾಗುವುದಿಲ್ಲ. ಚರ್ಚಿನಲ್ಲಿ ಆ ಹಾಡು ಬೇಡವೆಂದ ಪಾದ್ರಿಗಳು, ಅದಕ್ಕೆ ತಕ್ಕ ಜಾಗ ಯಾವುದೆಂಬುದನ್ನೂ ಜೊತೆಗೇ ಹೇಳಿದರೆ ಅರ್ಧ ಜಗಳ ಕಡಿಮೆಯಾದೀತು.

ಸ್ಮರಣೆಯ ಹಾಡು ಸತ್ತವರು ಹೇಗಿದ್ದರೆಂದು ಹೇಳುತ್ತದೆ. ಪ್ರಾರ್ಥನೆಯ ಹಾಡು ಅವರನ್ನು ತಮ್ಮ ಕೈಯಿಂದ ದೇವರ ಕೈಗೆ ಒಪ್ಪಿಸುತ್ತದೆ. ಒಸ್ತಿಯಾದಲ್ಲಿ ಅಗಸ್ಟೀನರಿಗೆ ಎರಡೂ ಬೇಕಾದವು, ಆದರೆ ಬೇರೆ ಬೇರೆ ಹೊತ್ತಿನಲ್ಲಿ. ಗಾಯನವೃಂದದವರು ಕೇಳುವ ಪ್ರಶ್ನೆಗೆ ಉತ್ತರ ಹುಡುಕುವ ಮನೆಯವರು ಹಾಡಿನ ಜೊತೆಗೆ ಅದರ ಹೊತ್ತನ್ನೂ ಆರಿಸಿಕೊಂಡರೆ, ಸತ್ತವರ ಪ್ರೀತಿಯ ಹಾಡನ್ನು ಬಿಟ್ಟುಕೊಡಬೇಕಾಗಿಲ್ಲ. ಊರಿನವರೆಲ್ಲ ಸೇರಿ ಹಾಡುವ ಹಾಡೂ ತಪ್ಪಿಹೋಗುವುದಿಲ್ಲ.