ಐದು ತಾಲ್ಲೂಕು, ಮೂರು ಬಗೆಯ ಕಂಪ್ಯೂಟರು, ಒಂದಿಷ್ಟು ಟೆಸ್ಟುಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಕನ್ನಡ ತಂತ್ರಾಂಶವನ್ನು ಪರೀಕ್ಷೆ ಮಾಡೋದಕ್ಕೆ ಈ ಐದು ಹೆಸರು ಹೆಚ್ಚೂಕಡಿಮೆ ಸಾಕು ಅಂದ್ರೆ ನಂಬ್ತೀರಾ? ಒಂದೊಂದಾಗಿ ನೋಡೋಣ ಬನ್ನಿ.

ಕೂಡ್ಲಿಗಿಯ 'ಡ್ಲಿ'ಯಲ್ಲಿ ಗುಡಿಸು ಸೇರಬೇಕಾದ್ದು ಮೇಲಿನ 'ಡ'ಕ್ಕೆ, ಕೆಳಗಿನ ಲ-ಒತ್ತಿಗಲ್ಲ. ಹರಪನಹಳ್ಳಿಯನ್ನು ನಾವು ಮಾತಲ್ಲಿ ಹರ್ಪನಹಳ್ಳಿ ಅಂತೀವಿ. ಹಾಗೆ ಬರೆದರೆ ಅರ್ಕಾವೊತ್ತು! ಟೈಪು ಮಾಡುವಾಗ 'ರ' ಮೊದಲು, ಕಾಣುವಾಗ ಕೊನೆಗೆ. ಹಗರಿಬೊಮ್ಮನಹಳ್ಳಿ ನಮ್ಮ ಕಣ್ಣಿಗೆ 8 ಅಕ್ಷರ, ಯೂನಿಕೋಡಿನಲ್ಲಿ 15 ಸಂಕೇತ, ಯುಟಿಎಫ್-8ರಲ್ಲಿ 45 ಬೈಟು. ಯಾರೋ ಪುಣ್ಯಾತ್ಮರು ಊರಿನ ಹೆಸರಿಗೆ 40 ಬೈಟು ಸಾಕು ಅಂದುಕೊಂಡಿದ್ದರೆ ಹಳ್ಳಿಯ ಬಾಲ ಕತ್ತರಿಸಿಹೋಯಿತು. ಹೂವಿನಹಡಗಲಿಯಲ್ಲಿ ಒತ್ತಕ್ಷರವೇ ಇಲ್ಲ, ಆದರೆ ಕೆಲವರು ನಡುವೆ ಜಾಗ ಬಿಟ್ಟು ಬರೀತಾರೆ, ಕೆಲವರು ಬಿಡೋದಿಲ್ಲ. ಹುಡುಕಿದರೆ ಎರಡೂ ಸಿಗಬೇಕು.

ಎಲ್ಲಕ್ಕಿಂತ ಕಿಲಾಡಿ ಕೊಟ್ಟೂರು. 'ಕೊ'ದಲ್ಲಿರುವ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿ ಎರಡಾಗಿಯೂ ಬರೆಯಬಹುದು. ಎರಡೂ ಸರಿ, ಕಾಣೋದೂ ಒಂದೇ ಥರ. ಮ್ಯಾಕಿನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿ ಇಡುತ್ತಿತ್ತು. ಲಿನಕ್ಸು, ವಿಂಡೋಸುಗಳು ಕೊಟ್ಟದ್ದನ್ನು ಕೊಟ್ಟ ಹಾಗೇ ಇಡುತ್ತವೆ. ಹಾಗಾಗಿ 'ಕೊಟ್ಟೂರು' ಎಂಬ ಕಡತ ಒಂದು ಕಡೆ 8 ಸಂಕೇತ, ಇನ್ನೊಂದು ಕಡೆ 9! ಇಂಥ ತಕರಾರು ಜಗತ್ತಿನ ಬೇರೆ ಭಾಷೆಗಳಿಗೂ ಇತ್ತು. ಅದಕ್ಕೇ 2012ರಲ್ಲಿ ಗಿಟ್‌ನ 1.7.12 ಆವೃತ್ತಿಯಲ್ಲಿ ಮ್ಯಾಕಿಗಾಗಿ ಒಂದು ಸೆಟ್ಟಿಂಗ್ ಸೇರಿಸಬೇಕಾಯಿತು.

ಈಗ ಸ್ವಲ್ಪ ಇತಿಹಾಸ. ವಿಂಡೋಸಿನಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಬಂದದ್ದು 2001ರ ಎಕ್ಸ್‌ಪಿಯಿಂದ, ತುಂಗಾ ಫಾಂಟಿನ ಜೊತೆ. ಆಗ ಅಕ್ಷರ ಜೋಡಿಸುವ ಕೆಲಸ ವಿಂಡೋಸಿನಲ್ಲಿ ಯೂನಿಸ್ಕ್ರೈಬ್‌ನದು. ಲಿನಕ್ಸಿನಲ್ಲಿ ಪ್ಯಾಂಗೋ ಬೇರೆ, ಕ್ಯೂಟಿ ಬೇರೆ, ಐಸಿಯು ಬೇರೆ. ಒಂದೇ ಪದ, ನಾಲ್ಕು ಅಡುಗೆಮನೆ! ಒಂದರಲ್ಲಿ ಸರಿಯಾದ ಒತ್ತು ಇನ್ನೊಂದರಲ್ಲಿ ಒಡೆದು ಕಾಣುತ್ತಿತ್ತು. ಆಮೇಲೆ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಬೆಳೆಯಿತು. 2017ರ ಲಿಬ್ರೆಆಫೀಸ್ 5.3 ಎಲ್ಲ ವೇದಿಕೆಗಳಲ್ಲೂ ಅದನ್ನೇ ಬಳಸತೊಡಗಿತು. ಹಾರ್ಫ್‌ಬಜ್‌ನ ಪರೀಕ್ಷಾ ಪದಗಳನ್ನು ಲಿಪಿವಾರು ವಿಂಗಡಿಸಿ ಇಟ್ಟಿದ್ದಾರೆ, ಕನ್ನಡಕ್ಕೂ ಅಲ್ಲಿ ಅದರದೇ ಫೋಲ್ಡರ್ ಇದೆ.

ಆದರೆ ಫೋಲ್ಡರಿಗೆ ಒಂದು ಮಿತಿ. ಒಂದು ಕಡತ ಒಂದೇ ಫೋಲ್ಡರಿನಲ್ಲಿ ಇರಬಲ್ಲದು. ಕೊಟ್ಟೂರಿನ ಟೆಸ್ಟು 'ಕನ್ನಡ'ದ್ದೋ, 'ಕಡತ ವ್ಯವಸ್ಥೆ'ಯದ್ದೋ, 'ಮ್ಯಾಕ್ ಮಾತ್ರ'ದ್ದೋ? ಮೂರೂ ಹೌದು. ಈ ಕಷ್ಟ ಟೆಸ್ಟು ಬರೆಯುವವರಿಗೆ ಬೇಗನೇ ಅರಿವಾಗಿತ್ತು. 1997ರಲ್ಲಿ ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ಶುರುಮಾಡಿದ ಜೆಯುನಿಟ್‌ನಲ್ಲಿ ಮೊದಲು ವರ್ಗಗಳಿರಲಿಲ್ಲ. ಟೆಸ್ಟ್‌ಎನ್‌ಜಿ 'ಗುಂಪು'ಗಳನ್ನು ತಂದಿತು, 2009ರ ಕೊನೆಗೆ ಜೆಯುನಿಟ್ 4.8ರಲ್ಲಿ 'ಕೆಟಗರಿ' ಬಂತು, 2017ರ ಜೆಯುನಿಟ್ 5ರಲ್ಲಿ ಅದೇ 'ಟ್ಯಾಗ್' ಆಯಿತು. ಒಂದು ಟೆಸ್ಟಿಗೆ ಎಷ್ಟು ಚೀಟಿ ಬೇಕಾದರೂ ಅಂಟಿಸಿ. ಬೈಟು ಎಣಿಸುವಂಥ ಚುರುಕು ಟೆಸ್ಟುಗಳನ್ನು ಪ್ರತಿ ಬದಲಾವಣೆಗೂ ಓಡಿಸಿ. ಅಕ್ಷರ ಮೂಡಿಸಿ ನೋಡುವ ನಿಧಾನದವನ್ನು ರಾತ್ರಿ, ಪ್ರತಿಯೊಂದು ವೇದಿಕೆಯ ಮೇಲೂ ಓಡಿಸಿ. 'ಇದು ಮ್ಯಾಕಿನಲ್ಲಿ ಬೇಡ' ಅಂತ ಚೀಟಿ ಅಂಟಿಸಿದರೆ ಕಾರಣವನ್ನೂ ಬರೆದಿಡಿ. ಇಲ್ಲದಿದ್ದರೆ ಅದು ಶಾಶ್ವತ ರಜೆ.

ಇದು ಬರೀ ತಂತ್ರಜ್ಞರ ತಲೆನೋವಲ್ಲ. ಹರಪನಹಳ್ಳಿಯನ್ನೇ ನೋಡಿ. ಬಳ್ಳಾರಿ ಜಿಲ್ಲೆಯಲ್ಲಿತ್ತು, 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಊರು ಕದಲಲಿಲ್ಲ, ಫೋಲ್ಡರು ಬದಲಾಯಿತು! ದಾವಣಗೆರೆಯಲ್ಲಿದ್ದ ಕಾರಣಕ್ಕೆ ಈ ತಾಲ್ಲೂಕಿಗೆ 371(ಜೆ) ಸೌಲಭ್ಯ ತಪ್ಪಿತ್ತು, ಅದಕ್ಕಾಗಿಯೇ ಜನ ಹೋರಾಡಿದ್ದು. ಅಂದಮೇಲೆ ಒಂದು ಅರ್ಜಿ ತಂತ್ರಾಂಶ ಹರಪನಹಳ್ಳಿಯನ್ನು ಹಳೆಯ ಜಿಲ್ಲೆಯಲ್ಲೇ ಕೂರಿಸಿಬಿಟ್ಟರೆ ಯಾರದೋ ಸೀಟು, ಯಾರದೋ ನೌಕರಿ ತೂಗಾಡುತ್ತದೆ. ಇಂಥ ಟೆಸ್ಟಿಗೆ ವೇದಿಕೆಯ ಚೀಟಿ ಬೇಕಿಲ್ಲ, 'ಮಾಹಿತಿ' ಅನ್ನುವ ಚೀಟಿ ಮತ್ತು ಇಸವಿ ಬೇಕು. ಅದನ್ನು ಒತ್ತಕ್ಷರದ ಟೆಸ್ಟುಗಳ ಜೊತೆ ಬೆರೆಸಿಟ್ಟರೆ, ಫಾಂಟಿನ ತಕರಾರು ಅಂತ ಯಾರೋ ಕಡೆಗಣಿಸಿಬಿಡ್ತಾರೆ. ವರ್ಗೀಕರಣದ ಉಪಯೋಗ ಇಷ್ಟೇ ನೋಡಿ: ಟೆಸ್ಟು ಬಿದ್ದಾಗ ಯಾರು ಏಳಬೇಕು ಅಂತ ತಕ್ಷಣ ಗೊತ್ತಾಗೋದು.

ನಿಮ್ಮೂರ ಹೆಸರಿನಲ್ಲಿ ಯಾವ ಒತ್ತು, ಯಾವ ತೊಡಕು ಇದೆ? ಯಾವ ಚೀಟಿ ಅಂಟಿಸ್ತೀರಿ? ಹೇಳಿ, ಪಟ್ಟಿ ಬೆಳೆಸೋಣ.